ಲಿನಕ್ಸ್ ಹಾಕುವ ಮುನ್ನ ‘ಡಿ’ ಡ್ರೈವ್ ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ (ಭದ್ರತಾ ಅಪ್‌ಡೇಟ್‌ಗಳು) ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಹೀಗಾಗಿ ಚೆನ್ನಾಗಿಯೇ ನಡೆಯುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಮೂಲೆ ಸೇರುವ ಹಂತಕ್ಕೆ ಬಂದಿವೆ. ‘ವಿಂಡೋಸ್‌ಗೆ ಬದಲಾಗಿ ಉಚಿತವಾಗಿ ಸಿಗುವ ಕಾರ್ಯನಿರ್ವಹಣಾ ವ್ಯವಸ್ಥೆ ಲಿನಕ್ಸ್ ಹಾಕಿ, ಅರ್ಧ ಗಂಟೆ ಸಾಕು’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತಿದೆ. ಸಲಹೆ ಸರಿಯಾದದ್ದೇ. ಆದರೆ ಅರ್ಧ ಗಂಟೆ ಹಿಡಿಯುವುದು ಇನ್‌ಸ್ಟಾಲ್ ಮಾಡುವುದಕ್ಕೆ ಮಾತ್ರ. ಅದಕ್ಕೂ ಮುಂಚಿನ ಸಿದ್ಧತೆಗೆ ಇಡೀ ಒಂದು ಸಂಜೆ ಮೀಸಲಿಡಬೇಕು. ಹೊಸಬರು ಫೋಟೊ, ದಾಖಲೆಗಳನ್ನು ಕಳೆದುಕೊಂಡು ‘ಲಿನಕ್ಸ್ ಸಹವಾಸವೇ ಬೇಡ’ ಎನ್ನುವುದು ಬಹುಪಾಲು ಈ ಸಿದ್ಧತೆಯನ್ನು ಬಿಟ್ಟಿದ್ದರಿಂದ. ಈ ವಿಷಯದಲ್ಲಿ ಬರೆಯುವವರೆಲ್ಲ, ತಮ್ಮ ಪತ್ರಿಕೆಯೂ ಸೇರಿ, ಇನ್‌ಸ್ಟಾಲ್ ವಿಧಾನಕ್ಕಿಂತ ಮೊದಲು ಸಿದ್ಧತೆಯನ್ನು ತಿಳಿಸಬೇಕೆಂಬುದು ನನ್ನ ಕೋರಿಕೆ.

ಅತಿ ದೊಡ್ಡ ನಷ್ಟ ಆಗುವುದು ‘ಡಿ’ ಡ್ರೈವ್ ವಿಷಯದಲ್ಲಿ. ವಿಂಡೋಸ್ ಕೆಟ್ಟಾಗಲೆಲ್ಲ ‘ಸಿ’ ಮಾತ್ರ ಫಾರ್ಮ್ಯಾಟ್ ಮಾಡಿ ‘ಡಿ’ಯನ್ನು ಹಾಗೇ ಉಳಿಸಿಕೊಳ್ಳುವುದು ನಮ್ಮಲ್ಲಿ ಹಲವರಿಗೆ ರೂಢಿ. ಹಾಗಾಗಿ ‘ಡಿ’ಯಲ್ಲಿದ್ದದ್ದು ಸುರಕ್ಷಿತ ಎಂಬ ನಂಬಿಕೆ ಬೇರೂರಿದೆ. ಆದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಒಂದೇ ಡಿಸ್ಕ್. ‘ಸಿ’, ‘ಡಿ’ ಎನ್ನುವುದು ಒಂದೇ ಕೋಣೆಗೆ ನಡುವೆ ಎತ್ತಿದ ಅಡ್ಡಗೋಡೆ ಇದ್ದಂತೆ. ಲಿನಕ್ಸ್ ಇನ್‌ಸ್ಟಾಲರ್ ‘ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು’ ಎಂದು ತೋರಿಸುವಾಗ ಅದರ ಅರ್ಥ ಪೂರ್ತಿ ಡಿಸ್ಕ್ ಎಂದೇ. ಗೋಡೆಯೂ ಹೋಗುತ್ತದೆ, ‘ಡಿ’ಯೂ ಹೋಗುತ್ತದೆ. ಅದೂ ಅಲ್ಲದೆ ಲಿನಕ್ಸ್‌ನಲ್ಲಿ ಸಿ, ಡಿ ಎಂಬ ಅಕ್ಷರಗಳೇ ಕಾಣಿಸುವುದಿಲ್ಲ. ಎಸ್‌ಡಿಎ1, ಎಸ್‌ಡಿಎ2 ಇಲ್ಲವೇ ಎನ್‌ವಿಎಂಇ ಎಂದು ಶುರುವಾಗುವ ಉದ್ದ ಹೆಸರುಗಳಿರುತ್ತವೆ. ಯಾವುದು ಯಾವುದೆಂದು ಗೊತ್ತಾಗುವುದು ಗಾತ್ರದಿಂದ. ಆದ್ದರಿಂದ ವಿಂಡೋಸ್‌ನಲ್ಲಿ ಇರುವಾಗಲೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಎಷ್ಟು ಡಿಸ್ಕ್ ಇವೆ, ಪ್ರತಿ ಪಾರ್ಟಿಷನ್ (ಡಿಸ್ಕ್‌ನ ಭಾಗ) ಎಷ್ಟು ಜಿಬಿ ಎಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೂ ಆದೀತು.

ಬ್ಯಾಕಪ್ ಇರಬೇಕಾದದ್ದು ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು ಜನ ಮರೆಯುತ್ತಾರೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಬುಕ್‌ಮಾರ್ಕ್‌ಗಳನ್ನಂತೂ ಖಂಡಿತ ಮರೆಯುತ್ತಾರೆ. ನಕಲು ಮುಗಿದ ಮೇಲೆ ನಾಲ್ಕಾರು ಫೈಲ್‌ಗಳನ್ನು ಹೊರಗಿನ ಡಿಸ್ಕ್‌ನಿಂದಲೇ ತೆರೆದು ನೋಡಿ. ಆಮೇಲೆ ಆ ಡಿಸ್ಕ್ ಅನ್ನು ಲ್ಯಾಪ್‌ಟಾಪ್‌ನಿಂದ ಬಿಚ್ಚಿಡಿ. ಚುಚ್ಚಿಕೊಂಡೇ ಇದ್ದರೆ ಇನ್‌ಸ್ಟಾಲರ್ ಅದನ್ನೂ ಪಟ್ಟಿಯಲ್ಲಿ ತೋರಿಸುತ್ತದೆ, ಅವಸರದಲ್ಲಿ ಬ್ಯಾಕಪ್ಪೇ ಅಳಿಸಿಹೋಗಬಹುದು.

‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕನ್ನಡ ಕಡತಗಳಿದ್ದರೆ ಇನ್ನೂ ಒಂದು ಕೆಲಸ ಇದೆ. ಯುನಿಕೋಡ್ (ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿರುವ ಪಠ್ಯ ಲಿನಕ್ಸ್‌ನಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಕಡತ ಕೆಟ್ಟಿಲ್ಲ, ಆ ಫಾಂಟ್ ಅಲ್ಲಿಲ್ಲ ಅಷ್ಟೆ. ಈ ತಂತ್ರಾಂಶಗಳು ವಿಂಡೋಸ್‌ಗೆಂದು ಮಾಡಿದವು, ಆದ್ದರಿಂದ ವಿಂಡೋಸ್ ಇರುವಾಗಲೇ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು. ಹಳೆಯ ಫಾಂಟ್ ಫೈಲ್‌ಗಳನ್ನೂ ಜೊತೆಗೆ ನಕಲು ಮಾಡಿಟ್ಟುಕೊಳ್ಳಿ.

ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಇಟ್ಟುಕೊಳ್ಳುವವರು ಇನ್ನೂ ಎರಡು ವಿಷಯ ಗಮನಿಸಬೇಕು. ಒಂದು, ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತೇ ಇಲ್ಲದೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ (ಕೀ ಇಲ್ಲದೆ ಓದಲಾಗದ ರೂಪದಲ್ಲಿರುತ್ತದೆ). ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಯಂತ್ರದ ಸೆಟ್ಟಿಂಗ್ಸ್) ಸೆಕ್ಯೂರ್ ಬೂಟ್ (ಅನುಮತಿಯಿಲ್ಲದ ತಂತ್ರಾಂಶದಿಂದ ಯಂತ್ರ ಶುರುವಾಗದಂತೆ ತಡೆಯುವ ಆಯ್ಕೆ) ಬದಲಾಯಿಸಿದರೆ ವಿಂಡೋಸ್ ಮುಂದಿನ ಸಲ 48 ಅಂಕಿಗಳ ರಿಕವರಿ ಕೀ ಕೇಳಿ ನಿಲ್ಲಬಹುದು. ಆ ಕೀ ಸಾಮಾನ್ಯವಾಗಿ ಖಾತೆಯ ಪುಟದಲ್ಲಿ ಸಿಗುತ್ತದೆ. ಮೊದಲೇ ಬರೆದಿಟ್ಟುಕೊಂಡು, ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ. ಡಿಸ್ಕ್ ಪೂರ್ತಿ ಡೀಕ್ರಿಪ್ಟ್ ಆಗುವವರೆಗೆ ಕಾಯಲೇಬೇಕು. ಇನ್ನೊಂದು, ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್‌ನಿಂದ ಆ ಪಾರ್ಟಿಷನ್ ತೆರೆದರೆ ಓದಬಹುದು, ಬರೆಯಲಾಗದು. ಕಂಟ್ರೋಲ್ ಪ್ಯಾನಲ್‌ನ ಪವರ್ ಆಯ್ಕೆಗಳಲ್ಲಿ ಅದನ್ನು ತೆಗೆಯಬೇಕು. ಲಿನಕ್ಸ್‌ಗೆ ಜಾಗ ಬಿಡಿಸುವಾಗ ‘ಸಿ’ಯನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕುಗ್ಗಿಸಿ. ಖಾಲಿ ಜಾಗ 150 ಜಿಬಿ ಇದ್ದರೂ ಹತ್ತೇ ಜಿಬಿ ಕುಗ್ಗಿಸಲು ಬಿಡುತ್ತಿದ್ದರೆ, ಸಾಮಾನ್ಯವಾಗಿ ಹೈಬರ್ನೇಷನ್ ಮತ್ತು ಪೇಜ್ ಫೈಲ್ (ವಿಂಡೋಸ್ ತನಗಾಗಿ ಇಟ್ಟುಕೊಳ್ಳುವ, ಸರಿಸಲಾಗದ ಫೈಲ್‌ಗಳು) ನಡುವೆ ಕೂತಿವೆ ಎಂದರ್ಥ. ಅವೆರಡನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ ಮತ್ತೆ ಪ್ರಯತ್ನಿಸಬೇಕು. ಲಿನಕ್ಸ್‌ಗೆ ಕನಿಷ್ಠ 40 ಜಿಬಿ ಬಿಡಿ, 100 ಆದರೆ ನೆಮ್ಮದಿ.

ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ, ಯಾವುದು ಎಂಬ ಚರ್ಚೆಗೆ ಕೊನೆಯಿಲ್ಲ. ವಿಂಡೋಸ್ ಬಿಟ್ಟು ಬರುವವರಿಗೆ ಲಿನಕ್ಸ್ ಮಿಂಟ್ ಸಾಕು ಎಂಬುದು ನನ್ನ ಅಭಿಪ್ರಾಯ. 8 ಜಿಬಿ ರ‍್ಯಾಮ್ ಇದ್ದರೆ ಅದರ ಸಿನಮನ್ ಆವೃತ್ತಿ, 4 ಜಿಬಿ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. 2 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಯಾವ ಲಿನಕ್ಸ್ ಹಾಕಿದರೂ ಬ್ರೌಸರ್ ಮಾತ್ರ ತೆವಳುತ್ತದೆ, ಏಕೆಂದರೆ ಇಂದಿನ ಜಾಲತಾಣಗಳಿಗೇ ಅಷ್ಟು ಮೆಮೊರಿ ಬೇಕು. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದರಿಂದ ಬರುವ ವೇಗ ಲಿನಕ್ಸ್ ಒಂದರಿಂದಲೇ ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡಿದರೆ ಹತ್ತು ವರ್ಷದ ಲ್ಯಾಪ್‌ಟಾಪ್ ಕೂಡ ಚುರುಕಾಗುತ್ತದೆ.

ಲಿನಕ್ಸ್ ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಐಎಸ್‌ಒ ಫೈಲ್ ಸುಮಾರು 3 ಜಿಬಿ ಇರುತ್ತದೆ, 8 ಜಿಬಿ ಪೆನ್‌ಡ್ರೈವ್ ಸಾಕು. ಡೌನ್‌ಲೋಡ್ ಆದ ಮೇಲೆ ಅದರ ಶಾ-256 ಮೊತ್ತವನ್ನು (ಫೈಲ್ ಹಾಳಾಗಿಲ್ಲವೆಂದು ತಿಳಿಸುವ ಅಕ್ಷರಸಾಲು) ಅಧಿಕೃತ ತಾಣದಲ್ಲಿ ಕೊಟ್ಟಿರುವುದರ ಜೊತೆ ಹೋಲಿಸಿ ನೋಡಿ. 7-ಜಿಪ್ ತಂತ್ರಾಂಶ ಇದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದು ಸಿಗುತ್ತದೆ. 64 ಅಕ್ಷರಗಳಲ್ಲಿ ಒಂದು ಬೇರೆ ಇದ್ದರೂ ಮತ್ತೆ ಡೌನ್‌ಲೋಡ್ ಮಾಡಬೇಕು. ಇನ್‌ಸ್ಟಾಲ್ ನಡುವೆಯೇ ನಿಂತುಹೋಗುವ ತೊಂದರೆಗೆ ಹಾಳಾದ ಐಎಸ್‌ಒ ಒಂದು ಮುಖ್ಯ ಕಾರಣ. ಫೈಲನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ, ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಬರೆಯಬೇಕು. ಪೆನ್‌ಡ್ರೈವ್‌ನಲ್ಲಿದ್ದದ್ದು ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಬೂಟ್ ಮೆನು (ಯಂತ್ರ ಆನ್ ಮಾಡಿದ ಕೂಡಲೇ ಕೀಲಿ ಒತ್ತಿದರೆ ಬರುವ, ಯಾವುದರಿಂದ ಶುರುವಾಗಬೇಕೆಂದು ಆರಿಸುವ ಪಟ್ಟಿ) ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12ಕ್ಕೆ, ಎಚ್‌ಪಿಯಲ್ಲಿ ಎಫ್9ಕ್ಕೆ, ಏಸುಸ್‌ನಲ್ಲಿ ಎಸ್ಕೇಪ್‌ಗೆ ತೆರೆಯುತ್ತದೆ. ಒಂದೇ ಪೆನ್‌ಡ್ರೈವ್ ಅಲ್ಲಿ ಎರಡು ಬಾರಿ ಕಂಡರೆ, ವಿಂಡೋಸ್ ಯುಇಎಫ್‌ಐ (ಯಂತ್ರ ಶುರುವಾಗುವ ಹೊಸ ವಿಧಾನ) ಮಾದರಿಯಲ್ಲಿದ್ದಲ್ಲಿ ನೀವೂ ಯುಇಎಫ್‌ಐ ಎಂದಿರುವುದನ್ನೇ ಆರಿಸಿ. ತಪ್ಪು ಮಾದರಿಯಲ್ಲಿ ಹಾಕಿದರೆ ಆಮೇಲೆ ವಿಂಡೋಸ್, ಲಿನಕ್ಸ್ ಎರಡರಲ್ಲಿ ಒಂದು ಬೂಟ್ ಪಟ್ಟಿಯಲ್ಲಿ ಕಾಣುವುದಿಲ್ಲ.

ಪೆನ್‌ಡ್ರೈವ್‌ನಿಂದ ಬೂಟ್ ಆದೊಡನೆ ಇನ್‌ಸ್ಟಾಲ್ ಐಕಾನ್ ಒತ್ತಬೇಡಿ. ಡಿಸ್ಕ್ ಮುಟ್ಟದೆ ಲಿನಕ್ಸ್ ನಡೆಸಿ ನೋಡುವ ಅವಕಾಶ ಇದು. ಒಂದು ಗಂಟೆ ಬಳಸಿ. ವೈಫೈ ಸೇರುತ್ತದೆಯೇ, ಸ್ಪೀಕರ್‌ನಲ್ಲೂ ಹೆಡ್‌ಫೋನ್‌ನಲ್ಲೂ ಸದ್ದು ಬರುತ್ತದೆಯೇ, ಟಚ್‌ಪ್ಯಾಡ್, ಕ್ಯಾಮೆರಾ, ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿಗಳು ಸರಿಯಿವೆಯೇ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತದೆಯೇ, ಪ್ರಿಂಟರ್ ಪ್ರಿಂಟ್ ಕೊಡುತ್ತದೆಯೇ ಎಂದು ನೋಡಿ. ನಿಧಾನ ಅನ್ನಿಸಿದರೆ ಅದು ಪೆನ್‌ಡ್ರೈವ್‌ನ ನಿಧಾನ, ಲಿನಕ್ಸ್‌ನದ್ದಲ್ಲ. ವೈಫೈ ಕಾಣದಿದ್ದರೆ ಹೆಚ್ಚಾಗಿ ಬ್ರಾಡ್‌ಕಾಮ್ ಚಿಪ್ ಇರುತ್ತದೆ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆಥರಿಂಗ್ (ಫೋನಿನ ಇಂಟರ್ನೆಟ್ ಹಂಚುವ ಆಯ್ಕೆ) ಆನ್ ಮಾಡಿದರೆ ಇಂಟರ್ನೆಟ್ ಸಿಗುತ್ತದೆ. ಇನ್‌ಸ್ಟಾಲ್ ಆದ ಮೇಲೆ ಡ್ರೈವರ್ ಮ್ಯಾನೇಜರ್‌ನಿಂದ ಡ್ರೈವರ್ ಹಾಕಿಕೊಳ್ಳಬಹುದು. ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದು ಪರದೆ ಕಪ್ಪಾಗಿ ನಿಂತರೆ ಬೂಟ್ ಪಟ್ಟಿಯಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ. ಇನ್‌ಸ್ಟಾಲರ್‌ಗೆ ಒಳಗಿನ ಡಿಸ್ಕೇ ಕಾಣಿಸದಿದ್ದರೆ ಬಯಾಸ್‌ನಲ್ಲಿ ಸ್ಟೋರೇಜ್ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಎಂದಿರುತ್ತದೆ, ಎಎಚ್‌ಸಿಐ ಆಗಬೇಕು. ವಿಂಡೋಸ್ ಉಳಿಸಿಕೊಳ್ಳುವವರು ಇದನ್ನು ಏಕಾಏಕಿ ಬದಲಾಯಿಸಬಾರದು: ಮೊದಲು ವಿಂಡೋಸ್ ಸೇಫ್ ಮೋಡ್‌ನಲ್ಲಿ ತೆರೆಯುವಂತೆ ಮಾಡಿ ಆಮೇಲೆ ಬಯಾಸ್‌ಗೆ ಹೋಗಬೇಕು, ಇಲ್ಲವಾದರೆ ವಿಂಡೋಸ್ ನೀಲಿ ಪರದೆಗೆ ಬಂದು ನಿಲ್ಲುತ್ತದೆ.

ಇನ್‌ಸ್ಟಾಲ್ ಮಾಡುವಾಗ ಹೊಸಬರು ಎಡವುವ ಇನ್ನೊಂದು ಜಾಗ ಇದೆ. ಸೆಕ್ಯೂರ್ ಬೂಟ್ ಆನ್ ಇದ್ದು ಮಲ್ಟಿಮೀಡಿಯಾ ಕೋಡೆಕ್‌ಗೆ (ಹಾಡು, ವಿಡಿಯೊ ನಡೆಸಲು ಬೇಕಾದ ತಂತ್ರಾಂಶ) ಟಿಕ್ ಹಾಕಿದರೆ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ಅದು ಲಾಗಿನ್ ಪಾಸ್‌ವರ್ಡ್ ಅಲ್ಲ. ಮೊದಲ ರೀಸ್ಟಾರ್ಟ್‌ನಲ್ಲಿ ಒಂದು ನೀಲಿ ಪರದೆ ಬರುತ್ತದೆ, ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀಲಿ ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಲ್ಲಿ ‘ಕಂಟಿನ್ಯೂ ಬೂಟ್’ ಒತ್ತಿದರೆ ಎನ್‌ವಿಡಿಯಾ, ಬ್ರಾಡ್‌ಕಾಮ್ ಡ್ರೈವರ್‌ಗಳು ಲೋಡ್ ಆಗುವುದಿಲ್ಲ, ಏಕೆ ಎಂದೂ ತಿಳಿಯುವುದಿಲ್ಲ.

ಇನ್‌ಸ್ಟಾಲ್ ಆದ ಕೂಡಲೇ ಮೂರು ಕೆಲಸ: ಅಪ್‌ಡೇಟ್ ಮ್ಯಾನೇಜರ್ ನಡೆಸಿ, ಡ್ರೈವರ್ ಮ್ಯಾನೇಜರ್ ನೋಡಿ, ಟೈಮ್‌ಶಿಫ್ಟ್‌ನಲ್ಲಿ ಸ್ನ್ಯಾಪ್‌ಶಾಟ್ (ವ್ಯವಸ್ಥೆಯ ಆ ಹೊತ್ತಿನ ಪ್ರತಿ) ತೆಗೆದಿಡಿ. ಮುಂದೆ ಯಾವುದೋ ಅಪ್‌ಡೇಟ್ ಕೈಕೊಟ್ಟರೆ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರಲು ಟೈಮ್‌ಶಿಫ್ಟ್ ಬೇಕು. ಆದರೆ ಅದು ನಿಮ್ಮ ಫೋಟೊ, ದಾಖಲೆಗಳ ಬ್ಯಾಕಪ್ ಅಲ್ಲ. ತಂತ್ರಾಂಶ ಬೇಕಾದಾಗ ಜಾಲತಾಣ ಹುಡುಕಿ ಇಎಕ್ಸ್‌ಇ ಇಳಿಸಿಕೊಳ್ಳುವ ಅಭ್ಯಾಸ ಬಿಟ್ಟು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಪಡೆಯಿರಿ. ಫೋಟೊಶಾಪ್, ಆಟೊಕ್ಯಾಡ್‌ನಂಥವು ಲಿನಕ್ಸ್‌ಗೆ ಬರುವುದಿಲ್ಲ. ಜೀವನೋಪಾಯ ಅವುಗಳ ಮೇಲೆಯೇ ಇರುವವರು ವಿಂಡೋಸ್ ಬಿಡಬಾರದು. ವರ್ಡ್, ಎಕ್ಸೆಲ್ ಕಡತಗಳು ಲಿಬ್ರೆಆಫೀಸ್‌ನಲ್ಲಿ ಬಹುಪಾಲು ಸರಿಯಾಗಿ ತೆರೆಯುತ್ತವೆ, ಮ್ಯಾಕ್ರೊ ಇರುವ ಎಕ್ಸೆಲ್ ಮಾತ್ರ ತಕರಾರು ಮಾಡುತ್ತದೆ. ಎರಡೂ ವ್ಯವಸ್ಥೆ ಇಟ್ಟುಕೊಂಡವರಿಗೆ ವಿಂಡೋಸ್‌ಗೆ ಹೋದಾಗ ಗಡಿಯಾರ ಹಿಂದುಮುಂದಾಗಿ ಕಾಣಬಹುದು: ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯ) ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯದಲ್ಲಿ. ಬ್ಯಾಟರಿ ಸತ್ತಿತೆಂದು ಬದಲಾಯಿಸಲು ಹೋಗಬೇಡಿ.

ಕನ್ನಡ ಟೈಪ್ ಮಾಡಲು ಬೇರೆ ತಂತ್ರಾಂಶ ಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲಿ ಕನ್ನಡ ಹುಡುಕಿದರೆ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸದ ಜೊತೆಗೆ ಕಗಪ ವಿನ್ಯಾಸವೂ ಸಿಗುತ್ತದೆ. ಇಂಗ್ಲಿಷ್ ಲೇಔಟನ್ನು ಪಟ್ಟಿಯಿಂದ ತೆಗೆಯಬೇಡಿ, ಲಾಗಿನ್ ಪಾಸ್‌ವರ್ಡ್ ಹೊಡೆಯಲು ಅದು ಬೇಕು.

ಇಂತಿ,
ಒಬ್ಬ ಓದುಗ