ಭಾನುವಾರದ ಸಿನಿಮಾ, ಮತ್ತು ಕಡಿಮೆ ನಟಿಸುವ ಕಷ್ಟ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4 ಗಂಟೆಗೆ ಬಸವನಗುಡಿಯ ನಮ್ಮ ಮನೆ ಮಹಡಿಯಲ್ಲಿ ‘ತಬರನ ಕಥೆ’ ನೋಡೋಣ. ತೇಜಸ್ವಿ ಅವರ ಕಥೆ, ಗಿರೀಶ್ ಕಾಸರವಳ್ಳಿ ನಿರ್ದೇಶನ. ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಪಿಂಚಣಿಗಾಗಿ ಅಲೆದಲೆದು ಸೋಲುವ ಬಡ ನೌಕರನ ಪಾತ್ರ ಅದು. ಅತ್ತು ಕರೆದು ನಮ್ಮನ್ನೂ ಅಳಿಸುವುದು ಸುಲಭವಿತ್ತು. ಅವರು ತುಂಬ ಹೊತ್ತು ತಡೆದಿಟ್ಟುಕೊಳ್ಳುತ್ತಾರೆ. ಅದಕ್ಕೇ ಕಟ್ಟೆ ಒಡೆದಾಗ ಎದೆಗೆ ತಾಗುತ್ತದೆ.

ಕಲಾಕ್ಷೇತ್ರದ ವೇದಿಕೆಯಲ್ಲಿ ದನಿ, ಕೈಸನ್ನೆ ಎಲ್ಲ ಕೊನೇ ಸಾಲಿಗೆ ಮುಟ್ಟಬೇಕು. ಕ್ಯಾಮೆರಾಗೆ ಅದು ಬೇಡ. ಕ್ಲೋಸಪ್‌ನಲ್ಲಿ ರೆಪ್ಪೆ ಅಲುಗಿದರೂ ಪರದೆ ಮೇಲೆ ಅಷ್ಟಗಲ ಕಾಣುತ್ತದೆ, ಅಲ್ವಾ?

ಕಳೆದ ವಾರ ನಮ್ಮ ಅಕ್ಕನನ್ನು ಕೂರಿಸಿ ಸಾವಿನ ಸುದ್ದಿ ಕೇಳುವ ದೃಶ್ಯವನ್ನು ಫೋನಲ್ಲಿ ಎರಡು ಸಲ ತೆಗೆದೆವು. ಮೊದಲ ಸಲ ತಲೆ ಮೇಲೆ ಕೈ ಹೊತ್ತು ಅತ್ತಳು. ಎರಡನೇ ಸಲ ಅವರೆಕಾಯಿ ಸುಲಿಯುತ್ತಿದ್ದ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಸುಲಿಯತೊಡಗಿತು, ಆದರೆ ಕಾಳು ಸಿಪ್ಪೆಯ ಮೊರಕ್ಕೆ ಬೀಳುತ್ತಿತ್ತು. ಟಿವಿಗೆ ಹಾಕಿ ನೋಡಿದಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಇಷ್ಟವಾಗುವ ನಟನೆ ಇಂಥದ್ದು.

ಸಿನಿಮಾ ನಡೆಯುವಾಗ ದಯವಿಟ್ಟು ಫೋನ್ ಒಳಗಿಡಿ. ಒಂದು ಮೆಸೇಜ್ ನೋಡುವಷ್ಟರಲ್ಲಿ ಇಂಥ ಗಳಿಗೆ ಕೈತಪ್ಪುತ್ತದೆ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ಹೇಳಿ, ಚಾಪೆ ಎಷ್ಟು ಬೇಕೆಂದು ಗೊತ್ತಾಗುತ್ತದೆ. ಕಾಫಿ ನಮ್ಮದು.