ಸರ್ವೆ ಆಯಿತು, ವರದಿ ಎಲ್ಲಿ?

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ನಮ್ಮದೊಂದು ಮಂಡಕ್ಕಿ ಭಟ್ಟಿ ಇದೆ, ಅಪ್ಪನ ಕಾಲದ್ದು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ನಮ್ಮೂರಿನ ಹೆಸರು ಬಂತಲ್ಲ, ಅಲ್ಲಿಂದ ಈಚೆಗೆ ಮೂರು ಸಲ ಸರ್ವೆಯವರು ಬಂದು ಹೋಗಿದ್ದಾರೆ. ಎಷ್ಟು ಜನ ಕೆಲಸ ಮಾಡ್ತೀರಿ, ಒಲೆಗೆ ಏನು ಹಾಕ್ತೀರಿ, ಹೊಗೆಗೆ ಕೆಮ್ಮು ಬರುತ್ತಾ? ಮೂರು ಸಲವೂ ಅವೇ ಪ್ರಶ್ನೆ, ಸಂಸ್ಥೆ ಮಾತ್ರ ಬೇರೆ ಬೇರೆ. ವರದಿ ಒಂದೂ ಕಣ್ಣಿಗೆ ಬಿದ್ದಿಲ್ಲ.

ಮೊದಲು ಇವರ ಮೇಲೆ ಸಿಟ್ಟಿತ್ತು. ಮಗಳು ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಅಂಥದ್ದೇ ಒಂದು ಸಂಸ್ಥೆಯಲ್ಲಿ ನಾಲ್ಕು ತಿಂಗಳು ದುಡಿದಳು. ಆಮೇಲೆ ಒಳಗಿನ ಕಥೆ ಗೊತ್ತಾಯಿತು. ಪ್ರಾಜೆಕ್ಟ್ ಕೊಟ್ಟ ಇಲಾಖೆ ದುಡ್ಡನ್ನು ಕಂತಿನಲ್ಲಿ ಕೊಡುತ್ತದೆ. ಒಪ್ಪಂದವಾದಾಗ ಸ್ವಲ್ಪ, ಕರಡು ವರದಿ ಕೊಟ್ಟಾಗ ಸ್ವಲ್ಪ, ಕೊನೆಯದು ವರದಿ ಒಪ್ಪಿಕೊಂಡ ಮೇಲೆ. ಆ ಕೊನೇ ಕಂತು ಬರಬೇಕಲ್ಲ, ಇಲಾಖೆಗೆ ಕಹಿಯಾಗುವ ಸಾಲುಗಳು ಅಷ್ಟರಲ್ಲಿ ಮೆತ್ತಗಾಗಿರುತ್ತವೆ ಎನ್ನುತ್ತಾಳೆ. ವರದಿ ದುಡ್ಡು ಕೊಟ್ಟವರ ಸ್ವತ್ತು. ಪ್ರಾಜೆಕ್ಟ್ ಮುಗಿದ ದಿನವೇ ಸರ್ವೆ ಹುಡುಗರ ಕೆಲಸವೂ ಮುಗಿಯಿತು, ಊರಿನ ಬಗ್ಗೆ ಅವರು ತಿಳಿದದ್ದೂ ಅವರ ಜೊತೆಗೇ ಹೋಯಿತು.

ಬೇರೆ ದಾರಿಯೂ ಇದೆ. ಬೆಂಗಳೂರಿನಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ, ಆರ್ಥಿಕ ಸಂಶೋಧನೆಯ ಸಂಸ್ಥೆ ಐಸೆಕ್‌ಗೆ ಕೇಂದ್ರದ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಐಸಿಎಸ್‌ಎಸ್‌ಆರ್‌ನಿಂದಲೂ ರಾಜ್ಯ ಸರ್ಕಾರದಿಂದಲೂ ಅನುದಾನ ಬರುತ್ತದೆ. ಹಾಗೆ ಕಾಯಂ ದುಡ್ಡಿದ್ದರೆ ಒಂದೇ ವಿಷಯದ ಬೆನ್ನು ಹತ್ತಿ ಹತ್ತು ವರ್ಷ ನಡೆಯಬಹುದು. ನಮ್ಮ ಭಟ್ಟಿಯಲ್ಲೂ ಹಾಗೇ, ಉಸುಕು ಕಾದಿದ್ದರೆ ಅಕ್ಕಿ ಹಾಕಿದ ಕೂಡಲೇ ಅರಳುತ್ತದೆ. ಆರಿದ್ದನ್ನು ಮತ್ತೆ ಹದಕ್ಕೆ ತರಲು ಎಷ್ಟು ಹೊಟ್ಟು ಸುಡಬೇಕು ಅಂತ ನಮ್ಮನ್ನು ಕೇಳಿ.

ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ಸಮಿತಿಯ ವರದಿ ಬಂದದ್ದು 2002ರಲ್ಲಿ. 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲೂ 39 ತೀರಾ ಹಿಂದುಳಿದಿವೆ ಎಂದಿತು. ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ಹರಪನಹಳ್ಳಿ ಆ 39ರಲ್ಲಿ ಒಂದು. ಅಲ್ಲಿನ ನಮ್ಮ ನೆಂಟರು ಇವತ್ತಿಗೂ ಆ ಲೆಕ್ಕ ಹಿಡಿದೇ ಜಗಳಕ್ಕೆ ನಿಲ್ಲುತ್ತಾರೆ. ವರದಿ ಬೀರುವಿನಲ್ಲೇ ಕೂತಿದ್ದರೆ ಅದು ಆಗ್ತಿತ್ತಾ?

ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ನಾಲ್ಕೇ ಜನರ ಒಂದು ಕಾಯಂ ನಗರ ಅಧ್ಯಯನ ಘಟಕ ಮಾಡಲಿ. ಪಾಲಿಕೆ, ಸರ್ಕಾರ ಸೇರಿ ವರ್ಷವರ್ಷ ದುಡ್ಡು ಕೊಡಲಿ, ಕಡಿಮೆಯಾದರೂ ಸರಿ, ತಪ್ಪಬಾರದು. ವರದಿ ಕನ್ನಡದಲ್ಲಿರಲಿ, ಒಂದು ಪ್ರತಿ ಊರಿನ ಲೈಬ್ರರಿಗೆ ಬರಲಿ.

ನಾಲ್ಕನೇ ತಂಡ ಬರುವುದಾದರೆ ಬರಲಿ, ಬೇಡ ಅನ್ನುವುದಿಲ್ಲ. ಮಂಡಕ್ಕಿ, ಮಿರ್ಚಿ ಕೊಟ್ಟೇ ಕೂರಿಸುತ್ತೇವೆ. ಹಿಂದಿನ ಮೂರು ವರದಿಗಳನ್ನು ಹಿಡಿದುಕೊಂಡು ಬರಲಿ, ಅಷ್ಟೇ.

– ಒಬ್ಬ ಮಂಡಕ್ಕಿ ಭಟ್ಟಿಯವ, ದಾವಣಗೆರೆ