ಹತ್ತು ತಿಂಗಳಿಗೆ ಮುಂಚಿನ ನಲವತ್ತು ವರ್ಷ

ಎಲ್ಲರಿಗೂ ನಮಸ್ಕಾರ. ಇದು ನಮ್ಮ ಸಂಘದ ಪತ್ರಿಕೆಯ ರಾಜ್ಯೋತ್ಸವ ಸಂಚಿಕೆ. ರಾಜ್ಯೋತ್ಸವಕ್ಕೆ ಮುಂಚೆ ನಿಮ್ಮ ಕೈಗೆ ಸಿಕ್ಕಿದರೆ ಅದೇ ದೊಡ್ಡದು. ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು, ಈಗ ರಾತ್ರಿ ಹನ್ನೊಂದು ದಾಟಿದೆ, ಮನೆಯವರೆಲ್ಲ ಮಲಗಿದ್ದಾರೆ, ಮೊದಲ ಪುಟ ಇನ್ನೂ ಖಾಲಿ ಇದೆ. ದೀಪಾವಳಿ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಹಾಸನಾಂಬೆ ಬಾಗಿಲು ತೆಗೆದಿದ್ದು, ಊರಿಂದ ತಂಗಿ ಕಳಿಸಿದ ಕ್ಯೂ ಫೋಟೋ, ಅದೂ ಇದೂ. ಅಷ್ಟರಲ್ಲಿ ಭಾನುವಾರದ ಕನ್ನಡ ತರಗತಿಯಲ್ಲಿ ಒಬ್ಬ ಹುಡುಗ ಒಂದು ಮಾತು ಹೇಳಿದ. ಅದು ತಲೆಯಿಂದ ಹೋಗುತ್ತಿಲ್ಲ.

ರಾಜ್ಯೋತ್ಸವದ ಕ್ವಿಜ್‌ಗೆ ಮಕ್ಕಳನ್ನು ತಯಾರು ಮಾಡುತ್ತಿದ್ದೆವು. ಭಾರತದ ಪ್ರಧಾನಿಯಾದ ಮೊದಲ ಕನ್ನಡಿಗ ಯಾರು? ದೇವೇಗೌಡರು, ಸರಿ. ಎಷ್ಟು ದಿನ ಇದ್ದರು? 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ. ಹುಡುಗ ಬೆರಳು ಮಡಚಿ ಎಣಿಸಿ, "ಹತ್ತು ತಿಂಗಳು ಚಿಲ್ಲರೆ. ಹಾಗಾದ್ರೆ ಇಂಟರ್ನ್‌ಶಿಪ್ಪಾ ಅಂಕಲ್?" ಅಂದ. ಹಿಂದೆ ಕೂತಿದ್ದ ಅಪ್ಪ ಅಮ್ಮಂದಿರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ನಾನು ದೇವೇಗೌಡರದೇ ಹೊಳೆನರಸೀಪುರ ತಾಲೂಕಿನವನು ನೋಡಿ, ನಗುತ್ತಲೇ ಒಳಗೆ ಸ್ವಲ್ಪ ಚುರುಕ್ ಅಂತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಇಮೇಲ್ ಮಾಡಬೇಡಿ. ಇದು ಪಕ್ಷದ ಪ್ರಚಾರ ಅಲ್ಲ. ನಮ್ಮೂರಲ್ಲಿ ಗೌಡರ ಪರ ಇದ್ದವರೂ ಗೌಡರ ಹೆಸರೆತ್ತಿದರೆ ಸಿಡಿಯುವವರೂ ಒಂದೇ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು ಬೆಳೆದವರು. ಆಮೇಲಿನ ಕಾಲದ ರಾಜಕೀಯ, ಮನೆತನದ ರಾಜಕೀಯ, ಅದರ ಜಗಳ ಬೇರೆ. ಅದಕ್ಕೆ ಈ ಪುಟವೂ ಸಾಲದು, ನನ್ನ ನಿದ್ದೆಯೂ ಸಾಲದು. ನಾನು ಹೇಳಬೇಕು ಅಂದುಕೊಂಡಿದ್ದು ಆ ಹತ್ತು ತಿಂಗಳಿಗೆ ಮುಂಚಿನ ನಲವತ್ತು ವರ್ಷದ ಕಥೆ. ಕ್ವಿಜ್‌ನಲ್ಲಿ ಅದು ಬರುವುದೇ ಇಲ್ಲ ಅಲ್ವಾ?

ಹರದನಹಳ್ಳಿ ಹೊಳೆನರಸೀಪುರ ತಾಲೂಕಿನ ಹಳ್ಳಿ. 1933ರ ಮೇ 18ರಂದು ಅಲ್ಲಿಯ ದೊಡ್ಡೇಗೌಡ, ದೇವಮ್ಮ ದಂಪತಿಗೆ ಹುಟ್ಟಿದ ಮಗ. ಬೇಸಾಯದ ಮನೆ. ಹೆಸರಿನ ಹಿಂದಿನ ಎಚ್.ಡಿ. ಅಂದರೆ ಹರದನಹಳ್ಳಿ ದೊಡ್ಡೇಗೌಡ, ಊರು ಮತ್ತು ಅಪ್ಪ. ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದರು. ಆ ಕಾಲಕ್ಕೆ ನಮ್ಮ ಕಡೆ ಹಳ್ಳಿ ಹುಡುಗನೊಬ್ಬ ಹಾಸನಕ್ಕೆ ಬಂದು ಡಿಪ್ಲೊಮಾ ಮುಗಿಸುವುದು ಸಣ್ಣ ಮಾತಲ್ಲ. ಓದಿನ ನಂತರ ಕಂಟ್ರಾಕ್ಟ್ ಕೆಲಸ ಹಿಡಿದರು. 1953ರಲ್ಲಿ, ಇಪ್ಪತ್ತರ ವಯಸ್ಸಿಗೆ, ಕಾಂಗ್ರೆಸ್ ಸೇರಿದರು.

ಸೇರಿದ ಮೇಲೆ ಏನಾದರು? ಇದು ನನಗೆ ಇಷ್ಟದ ಭಾಗ. ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘದ ಅಧ್ಯಕ್ಷರಾದರು. ಆಮೇಲೆ ತಾಲೂಕು ಡೆವಲಪ್‌ಮೆಂಟ್ ಬೋರ್ಡಿನ ಮೆಂಬರಾದರು. ಅಷ್ಟೇ. ಟಿ.ಡಿ.ಬಿ. ಅಂದರೆ ಇವತ್ತಿನ ಹುಡುಗರಿಗೆ ಗೊತ್ತಿಲ್ಲ. 1959ರ ಕಾಯ್ದೆಯಲ್ಲಿ ಬಂದ ಬೋರ್ಡು ಅದು, ಎಂಬತ್ತರ ದಶಕದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಬರುವವರೆಗೂ ಇತ್ತು. ಸ್ಕೂಲಿನ ಹೆಂಚು, ಕುಡಿಯುವ ನೀರಿನ ಬಾವಿ, ಹಳ್ಳಿ ರಸ್ತೆಗೆ ಜಲ್ಲಿ, ಇಂಥದ್ದರ ಜಗಳ ಆಗುತ್ತಿದ್ದ ಜಾಗ. ಸೊಸೈಟಿ ಅಂದರೆ ಇನ್ನೂ ಕಷ್ಟ. ಸಾಲ ಯಾರಿಗೆ ಸಿಕ್ಕಿತು, ಗೊಬ್ಬರ ಯಾರಿಗೆ ಸಿಗಲಿಲ್ಲ ಅಂತ ಊರೆಲ್ಲ ಲೆಕ್ಕ ಇಟ್ಟಿರುತ್ತದೆ, ಬೆಳಿಗ್ಗೆ ಎದ್ದರೆ ಮನೆ ಬಾಗಿಲಲ್ಲಿ ಯಾರಾದರೂ ನಿಂತಿರುತ್ತಾರೆ. ಇದನ್ನು ನಿಭಾಯಿಸಿದವನಿಗೆ ಅಸೆಂಬ್ಲಿ ಹೆದರಿಸುವುದಿಲ್ಲ ಅಂತ ನನ್ನ ಅಭಿಪ್ರಾಯ.

1962ರಲ್ಲಿ ಕಾಂಗ್ರೆಸ್ಸಿನಿಂದ ಹೊರಗೆ ಬಂದು ಹೊಳೆನರಸೀಪುರದಿಂದ ಪಕ್ಷೇತರರಾಗಿ ನಿಂತರು, ಗೆದ್ದರು. ಆಗ ವಯಸ್ಸು 28. ರಾಜ್ಯದ ಹೆಸರು ಇನ್ನೂ ಮೈಸೂರು. ಅದೇ ಚುನಾವಣೆಯಲ್ಲಿ ಮಾಜಿ ಮುಖ್ಯಮಂತ್ರಿ ನಿಜಲಿಂಗಪ್ಪನವರಂಥವರೇ ಹೊಸದುರ್ಗದಲ್ಲಿ ಸೋತಿದ್ದರು. ನಮ್ಮ ತಾತ ಆ ಸಲ ಕಾಂಗ್ರೆಸ್ಸಿಗೇ ಓಟು ಹಾಕಿದ್ದು. ಆ ಸಲ ಏನು, ಬದುಕಿರುವವರೆಗೂ ಅಲ್ಲಿಗೇ. "ಇಪ್ಪತ್ತೆಂಟು ವರ್ಷದ ಹುಡುಗ, ಹಿಂದೆ ಪಾರ್ಟಿ ಇಲ್ಲ, ಇವನೇನ್ ಗೆಲ್ತಾನೆ ಅಂತ ನಕ್ಕಿದ್ವಿ ಕಣ್ಲಾ" ಅಂತ ತಾತನೇ ಹೇಳುತ್ತಿದ್ದರು. ಹೇಳುವಾಗ ಬೇಜಾರೂ ಇರುತ್ತಿರಲಿಲ್ಲ, ಒಪ್ಪಿಗೆಯೂ ಇರುತ್ತಿರಲಿಲ್ಲ.

ತಾತನ ವಿಷಯ ಬಂತಲ್ಲ, ಹೇಳಿಯೇ ಬಿಡುತ್ತೇನೆ. ನಮ್ಮದು ಹೇಮಾವತಿ ದಡದ ಕಡೆಯ ಹಳ್ಳಿ. ಶ್ರೀರಾಮದೇವರ ಅಣೆಕಟ್ಟೆಯ ನಾಲೆ ನೀರು. ಆದರೆ ನಮ್ಮ ಗದ್ದೆ ಇದ್ದಿದ್ದು ಕಾಲುವೆಯ ಕೊನೆಯಲ್ಲಿ. ಕೊನೆ ಅಂದರೆ ಏನು ಅಂತ ಗದ್ದೆ ಇದ್ದವರಿಗೆ ಗೊತ್ತು. ನೀರುಗಂಟಿ ತೂಬು ಎತ್ತಿದರೂ ನಮಗೆ ಬರುವ ಹೊತ್ತಿಗೆ ನೀರು ಪಾದ ಮುಳುಗುವಷ್ಟು. ರಾತ್ರಿ ಸರದಿ ಇದ್ದಾಗ ತಾತ ಗುದ್ದಲಿ ಹೆಗಲಿಗೆ ಹಾಕಿಕೊಂಡು, ನನ್ನ ಕೈಗೆ ಬ್ಯಾಟರಿ ಕೊಟ್ಟು ಕರೆದುಕೊಂಡು ಹೋಗುತ್ತಿದ್ದರು. ಕಾಲುವೆ ಏರಿ ಮೇಲೆ ನಡೆಯುತ್ತ ಹೋದರೆ ಮೇಲಿನವರು ಎಲ್ಲೋ ಒಂದು ಕಡೆ ಕಲ್ಲು, ಹುಲ್ಲಿನ ಹೊರೆ, ಹಸಿ ಮಣ್ಣು ಒತ್ತಿ ನೀರನ್ನು ತಮ್ಮ ಕಡೆ ತಿರುಗಿಸಿಕೊಂಡಿರುತ್ತಿದ್ದರು. ತಾತ ಮಾತಾಡದೆ ಬಗ್ಗಿ ಹುಲ್ಲಿನ ಹೊರೆ ಎಳೆಯುತ್ತಿದ್ದರು. ಗುಳುಕ್ ಅಂತ ನೀರು ಬಿಡುವ ಸದ್ದು. ಆಮೇಲೆ ಅದರ ಜೊತೆಜೊತೆಗೇ ನಾವು ವಾಪಸ್ ನಡೆಯಬೇಕು, ಮತ್ತೆ ಯಾರಾದರೂ ಕಟ್ಟಿದರೆ ಅಂತ. ಸೊಳ್ಳೆ, ಕಪ್ಪೆ, ಕಾಲಿಗೆ ಕೆಸರು, ಮಾರನೇ ದಿನ ಸ್ಕೂಲಲ್ಲಿ ತೂಕಡಿಕೆ. ಮೇಲಿನ ಗದ್ದೆಯವರು ನಮ್ಮ ನೆಂಟರೇ, ಬೆಳಿಗ್ಗೆ ಕಂಡರೆ "ಕಾಫಿ ಆಯ್ತಾ ಮಾವ" ಅಂತಾನೇ ಕೇಳುತ್ತಿದ್ದರು.

1996ರ ಜೂನ್ 1 ಶನಿವಾರ. ವಾಜಪೇಯಿ ಸರ್ಕಾರ ಹದಿಮೂರು ದಿನಕ್ಕೆ ಬಿದ್ದು, ಸಂಯುಕ್ತ ರಂಗ ಅಂತ ಹದಿಮೂರು ಪಕ್ಷ ಸೇರಿ, ಕೊನೆಗೆ ನಮ್ಮ ಮುಖ್ಯಮಂತ್ರಿಯನ್ನೇ ಪ್ರಧಾನಿ ಮಾಡುತ್ತಾರೆ ಅಂತ ಆದಾಗ ನಮ್ಮೂರಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. ಟಿವಿ ಇದ್ದಿದ್ದು ಮೇಷ್ಟ್ರ ಮನೆಯಲ್ಲಿ. ಹಜಾರದಲ್ಲಿ ಹೆಂಗಸರು, ಜಗಲಿಯಲ್ಲಿ ಗಂಡಸರು, ನಾವು ಹುಡುಗರು ಕಿಟಕಿ ಸರಳಿಗೆ ಜೋತುಬಿದ್ದಿದ್ದೆವು. ಒಬ್ಬ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದ, "ಬಂತಾ, ಬಂತಾ" ಅಂತ. ರಾಷ್ಟ್ರಪತಿ ಶಂಕರ ದಯಾಳ ಶರ್ಮರು ಪ್ರಮಾಣ ವಚನ ಬೋಧಿಸಿದರು. ನಮ್ಮ ಕಡೆಯವರು ಮದುವೆಗೆ ಉಡುವಂಥ ಬಿಳಿ ಪಂಚೆ, ಬಿಳಿ ಅಂಗಿ. ಹೊರಗೆ ಪಟಾಕಿ ಶುರುವಾಯಿತು, ಅಷ್ಟರಲ್ಲೇ ಕರೆಂಟು ಹೋಯಿತು. ಯಾರೂ ಬೈಯಲಿಲ್ಲ. ಅದೊಂದು ದಿನ ಯಾರೂ ಬೈಯಲಿಲ್ಲ.

ಮನೆಗೆ ಬಂದರೆ ತಾತ ಕಂಬಕ್ಕೆ ಒರಗಿ ಕೂತಿದ್ದರು. ಮೇಷ್ಟ್ರ ಮನೆಗೆ ಬಂದಿರಲಿಲ್ಲ, ಅದು ಅವರ ಹಟ. ಅಜ್ಜಿಯನ್ನು ಕರೆದು, "ನಾನು ಓಟು ಹಾಕಿಲ್ಲ. ಆದ್ರೂ ಇವತ್ತು ಒಂಚೂರು ಪಾಯಸ ಮಾಡೇ" ಅಂದರು. ಅಜ್ಜಿ ಒಲೆ ಮುಂದಿನಿಂದ ಏಳದೆಯೇ, "ಮಾಡ್ತೀನಿ ಬುಡಿ. ಡೆಲ್ಲಿಗೆ ಹೋದ ಗೌಡ್ರು ಕೊನೇ ಗದ್ದೆಗೆ ನೀರು ಬುಡುಸ್ತಾರಾ ಕೇಳ್ರೀ ಯಾರಾದ್ರೂ" ಅಂದಳು.

ಅಜ್ಜಿ ತಮಾಷೆಗೆ ಅಂದಿದ್ದಲ್ಲ. ಯೋಚನೆ ಮಾಡಿದರೆ ಆ ಮನುಷ್ಯನ ರಾಜಕೀಯ ಅರ್ಧಕ್ಕಿಂತ ಜಾಸ್ತಿ ನೀರಿನದೇ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ್ದನ್ನು ಕಂಡ ತಲೆಮಾರು ಅದು. ಶೆಟ್ಟಿಹಳ್ಳಿ ಚರ್ಚು ಮುಳುಗಿದ್ದೂ ಆಗಲೇ, ಈಗ ಎಲ್ಲರೂ ಹೋಗಿ ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. 1972ರಿಂದ ದೇವರಾಜ ಅರಸರ ಎದುರು ವಿರೋಧ ಪಕ್ಷದ ನಾಯಕ. ಅಂಥ ಮುಖ್ಯಮಂತ್ರಿ ಎದುರು, ಅಷ್ಟು ಸಣ್ಣ ಗುಂಪು ಇಟ್ಟುಕೊಂಡು ಎದ್ದು ಮಾತಾಡಬೇಕಾದರೆ ಲೆಕ್ಕ ಬಾಯಲ್ಲೇ ಇರಬೇಕು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಸೆಂಟ್ರಲ್ ಜೈಲು, ಈಗ ನೀವು ಫ್ರೀಡಂ ಪಾರ್ಕ್ ಅನ್ನುತ್ತೀರಲ್ಲ ಅದೇ ಜಾಗ. ಒಳಗೆ ಕೂತಷ್ಟು ದಿನ ಪುಸ್ತಕ ಓದಿದರಂತೆ. 1983ರಲ್ಲಿ ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಮಂತ್ರಿ. 1987ರಲ್ಲಿ ನೀರಾವರಿಗೆ ದುಡ್ಡು ಸಾಲದು ಅಂತ ಹೇಳಿ ಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟರು. ಅದರ ಹಿಂದೆ ಬೇರೆ ರಾಜಕೀಯವೂ ಇತ್ತು ಅನ್ನುವವರು ಇದ್ದಾರೆ, ಇರಲಿ. ಆದರೆ ಕಾಲುವೆ ದುಡ್ಡಿನ ನೆಪ ಹೇಳಿ ಕುರ್ಚಿ ಬಿಡುವವರು ಎಷ್ಟು ಜನ ಸಿಗುತ್ತಾರೆ ಹೇಳಿ.

1962ರಿಂದ 1985ರವರೆಗೆ ಪ್ರತಿ ವಿಧಾನಸಭೆ ಚುನಾವಣೆಯಲ್ಲೂ ಗೆಲ್ಲಿಸಿದ ಹೊಳೆನರಸೀಪುರ 1989ರಲ್ಲಿ ಸೋಲಿಸಿತು. ಆ ರಾತ್ರಿ ನಮ್ಮ ತಾತ ಪಾಯಸ ಮಾಡಿಸಿರಲಿಲ್ಲ, ಅದನ್ನೂ ಹೇಳಬೇಕು. 1991ರಲ್ಲಿ ಹಾಸನದಿಂದ ಲೋಕಸಭೆಗೆ ಹೋದರು. 1994ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ. ಆಮೇಲೆ ಆ ಹತ್ತು ತಿಂಗಳು.

ಆ ಹತ್ತು ತಿಂಗಳಲ್ಲೂ, ಹುಡುಗನಿಗೆ ಇದನ್ನು ಹೇಳಬೇಕು ಅಂದುಕೊಂಡಿದ್ದೇನೆ, 1996ರ ಡಿಸೆಂಬರ್ 12ರಂದು ಬಾಂಗ್ಲಾದೇಶದ ಶೇಖ್ ಹಸೀನಾ ಜೊತೆ ಗಂಗಾ ನೀರು ಹಂಚಿಕೆಗೆ 30 ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಗಂಗೆಗೆ ಕಟ್ಟಿದ ಫರಕ್ಕಾ ಬ್ಯಾರೇಜಿನಲ್ಲಿ ಬೇಸಿಗೆಯಲ್ಲಿ ಯಾರಿಗೆ ಎಷ್ಟು ಅನ್ನುವ ಲೆಕ್ಕ. ಮೇಲಿನವರು ಕೆಳಗಿನವರು ಅನ್ನುವ ಜಗಳ ಹೊಳೆನರಸೀಪುರದ ತಾಲೂಕು ಬೋರ್ಡಿನಲ್ಲಿ ಕೂತು ಬಂದವರಿಗೆ ಹೊಸದೇನೂ ಆಗಿರಲಿಕ್ಕಿಲ್ಲ. ಬೆಂಗಳೂರು-ಹಾಸನ ಹೊಸ ರೈಲು ದಾರಿಗೂ ಆ ಹೊತ್ತಿನಲ್ಲೇ ಮಂಜೂರಾತಿ ಸಿಕ್ಕಿತು. ರೈಲು ಪೂರ್ತಿ ಓಡಿದ್ದು 2017ರಲ್ಲಿ. ಅಷ್ಟರಲ್ಲಿ ನಾವೆಲ್ಲ ವಿಮಾನ ಹತ್ತಿಯಾಗಿತ್ತು. ನಮ್ಮ ಕೊನೇ ಗದ್ದೆಗೆ ನೀರು ಬಂತಾ ಅಂತ ಕೇಳುತ್ತೀರಿ. ಕೆಲವು ವರ್ಷ ಬಂತು, ಕೆಲವು ವರ್ಷ ಇಲ್ಲ. ಈಗ ಅಲ್ಲಿ ನಮ್ಮ ಚಿಕ್ಕಪ್ಪ ತೆಂಗು ಹಾಕಿದ್ದಾರೆ.

ಅಯ್ಯೋ, ಜಾಗ ಮುಗಿಯುತ್ತಾ ಬಂತು. ಬೇಗ ಬೇಗ ವಿಷಯಗಳು.

ರಾಜ್ಯೋತ್ಸವ ಬರುವ ಶನಿವಾರ. ಪ್ರತಿ ಸಲದ ಸ್ಕೂಲ್ ಹಾಲ್ ಈ ಸಲ ಸಿಕ್ಕಿಲ್ಲ, ಲೈಬ್ರರಿ ಹಿಂದಿನ ಹಾಲ್‌ಗೆ ಬನ್ನಿ. ಪಾರ್ಕಿಂಗ್ ಕಮ್ಮಿ, ಇಬ್ಬರು ಮೂವರು ಸೇರಿ ಒಂದೇ ಕಾರಲ್ಲಿ ಬನ್ನಿ. ಹತ್ತೂವರೆಗೆ ಬಾವುಟ, ನಾಡಗೀತೆ. ಹತ್ತೂವರೆ ಅಂದರೆ ಹತ್ತೂವರೆ, ನಮ್ಮ ಹತ್ತೂವರೆ ಅಲ್ಲ. ಮಕ್ಕಳ ಕ್ವಿಜ್ ಊಟಕ್ಕೆ ಮುಂಚೆ, ಸುಗ್ಗಿ ಕುಣಿತ ಊಟದ ಮೇಲೆ. ತಟ್ಟೆ ಲೋಟ ಮನೆಯಿಂದ ತಂದರೆ ಪುಣ್ಯ ಬರುತ್ತದೆ. ಕಳೆದ ಸಲ ಬಿಟ್ಟುಹೋದ ಸ್ಟೀಲ್ ಡಬ್ಬಿ, ಒಂದು ಜರಿ ಶಾಲು, ಎರಡು ಎಡಗಾಲಿನ ಚಪ್ಪಲಿ ನಮ್ಮ ಗ್ಯಾರೇಜಿನಲ್ಲಿವೆ. ಮೆಂಬರ್‌ಶಿಪ್ ದುಡ್ಡು ಕೊಡದವರು ಯಾರು ಅಂತ ನಿಮಗೇ ಗೊತ್ತು. ಇಪ್ಪತ್ತು ವರ್ಷ ನಮ್ಮ ಜೊತೆ ಇದ್ದ ಧ್ವನಿವರ್ಧಕದ ಅಣ್ಣ ಈ ತಿಂಗಳು ಊರಿಗೆ ವಾಪಸ್ ಹೋಗುತ್ತಿದ್ದಾರೆ, ಅವರಿಗೊಂದು ಸನ್ಮಾನ ಇದೆ. ಅವರ ಮೈಕು, ವೈರು ಎಲ್ಲ ಯಾವುದಕ್ಕೆ ಯಾವುದು ಅಂತ ಕಲಿತುಕೊಳ್ಳುವವರು ಯಾರಾದರೂ ಅವರು ಹೊರಡುವ ಮುಂಚೆ ದಯವಿಟ್ಟು ಮುಂದೆ ಬನ್ನಿ.

ಊಟಕ್ಕೆ ಬಿಸಿಬೇಳೆಬಾತ್, ಮೊಸರನ್ನ, ಜೊತೆಗೆ ರಾಗಿ ಮುದ್ದೆ, ಬಸ್ಸಾರು. ಮುದ್ದೆ ಮಾಡುತ್ತೇವೆ ಅಂತ ಕಮಿಟಿ ಮೀಟಿಂಗಿನಲ್ಲಿ ಎಲ್ಲರೂ ಕೈ ಎತ್ತಿದರು, ಅಷ್ಟು ದೊಡ್ಡ ಪಾತ್ರೆಯಲ್ಲಿ ಕೋಲು ಹಿಡಿದು ತಿರುವುವವರು ಯಾರು ಅಂದಾಗ ಎಲ್ಲರೂ ಫೋನ್ ನೋಡಿದರು. ಹಾಸನ, ಮಂಡ್ಯ, ತುಮಕೂರಿನವರು ನಾಚಿಕೆ ಬಿಟ್ಟು ಹೆಸರು ಕೊಡಿ. ಬೆಳಿಗ್ಗೆ ಏಳಕ್ಕೆ ಬರಬೇಕು.

ಇನ್ನೊಂದು. ಜನವರಿಯಿಂದ ಖಜಾಂಚಿ ಇಲ್ಲ. ಈ ಪತ್ರಿಕೆಗೂ ಇನ್ನೊಬ್ಬ ಸಂಪಾದಕರು ಬೇಕು. ನಿಜವಾಗಿ ಹೇಳುತ್ತೇನೆ, ಒಬ್ಬನೇ ಬರೆದು, ಒಬ್ಬನೇ ತಿದ್ದಿ, ಒಬ್ಬನೇ ಪುಟ ಜೋಡಿಸಿ ಸಾಕಾಗಿದೆ. ಹೋದ ಸಂಚಿಕೆ ತಡವಾಗಿದ್ದಕ್ಕೆ ಕಾರಣ ಅದೇ, ಬೇರೇನಲ್ಲ. ದೊಡ್ಡ ಕೆಲಸ ಅಂತ ಹೆದರಬೇಡಿ, ಹೊಳೆನರಸೀಪುರದ ಒಂದು ಸೊಸೈಟಿ ಅಧ್ಯಕ್ಷರು ಎಲ್ಲಿಗೆ ಹೋದರು ಅಂತ ಈಗ ತಾನೇ ಓದಿದಿರಿ. ಸಂಬಳ ಇಲ್ಲ, ಬೈಗುಳ ಇದೆ, ಕಮಿಟಿ ಮೀಟಿಂಗಿನಲ್ಲಿ ಕಾಫಿ ಇದೆ.

ಮುಂದಿನ ಸಂಕ್ರಾಂತಿ ಸಂಚಿಕೆಗೆ ಲೇಖನ ಡಿಸೆಂಬರ್ 15ರ ಒಳಗೆ ಕಳಿಸಿ. ಯುನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ, ಹಾಳೆ ಮೇಲೆ ಬರೆದು ವಾಟ್ಸಾಪಿನಲ್ಲಿ ಫೋಟೋ ಹಾಕಬೇಡಿ, ಓದಲಿಕ್ಕೆ ನನಗೆ ಕಣ್ಣು ಉಳಿದಿಲ್ಲ. ಶನಿವಾರ ಸಿಗೋಣ.

ನಿಮ್ಮ ಸಂಪಾದಕ